ಅಮೆರಿಕದ ಸ್ಟಿಮ್ಯುಲಸ್ ಹಣ: ನಿಮ್ಮ ಮನೆಯ ಪಾಲು ಎಷ್ಟಿತ್ತು, ಲೆಕ್ಕ ಹಾಕುವುದು ಹೇಗೆ

ಕೋವಿಡ್ ಕಾಲದಲ್ಲಿ ಅಮೆರಿಕ ಸರ್ಕಾರ ಮೂರು ಕಂತುಗಳಲ್ಲಿ ಜನರಿಗೆ ನೇರವಾಗಿ ಹಣ ಕೊಟ್ಟಿತು. ಮೊದಲನೆಯದು 2020ರ ಮಾರ್ಚ್‌ನ ಕೇರ್ಸ್ ಕಾಯ್ದೆಯಡಿ, ಎರಡನೆಯದು ಅದೇ ವರ್ಷ ಡಿಸೆಂಬರ್ ಕೊನೆಗೆ, ಮೂರನೆಯದು 2021ರ ಮಾರ್ಚ್‌ನ ಅಮೆರಿಕನ್ ರೆಸ್ಕ್ಯೂ ಪ್ಲಾನ್‌ನಡಿ. ನಾಲ್ಕು ಜನರಿರುವ ಎರಡು ಮನೆಗಳಲ್ಲಿ ಒಂದಕ್ಕೆ ಮೂರನೇ ಕಂತಿನಲ್ಲಿ 5,600 ಡಾಲರ್ ಬಂತು, ವರ್ಷಕ್ಕೆ ಹತ್ತು ಸಾವಿರ ಮಾತ್ರ ಹೆಚ್ಚು ಆದಾಯವಿದ್ದ ಇನ್ನೊಂದಕ್ಕೆ ಒಂದು ಡಾಲರೂ ಬರಲಿಲ್ಲ. ಹಾಗೇಕಾಯಿತು ಎಂದು ತಿಳಿಯಲು ನಾಲ್ಕು ಸಂಗತಿ ಗೊತ್ತಿದ್ದರೆ ಸಾಕು: ಎಜಿಐ (ಅಡ್ಜಸ್ಟೆಡ್ ಗ್ರಾಸ್ ಇನ್‌ಕಮ್, ಅಂದರೆ ಒಟ್ಟು ಆದಾಯದಲ್ಲಿ ಕೆಲವು ಬಾಬತ್ತು ಕಳೆದು ಉಳಿದದ್ದು) ಎಷ್ಟು, ಫೈಲಿಂಗ್ ಸ್ಟೇಟಸ್ (ತೆರಿಗೆ ರಿಟರ್ನ್ ಒಂಟಿಯಾಗಿ ಸಲ್ಲಿಸಿದ್ದೋ ಜಂಟಿಯಾಗಿಯೋ ಎಂಬುದು) ಯಾವುದು, ಲೆಕ್ಕಕ್ಕೆ ಬರುವ ತಲೆ ಎಷ್ಟು, ಅವರಲ್ಲಿ ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್) ಯಾರಿಗಿದೆ.

ಎಜಿಐ ಎಂದರೆ ಯಾವ ಸಂಖ್ಯೆ?

ಹೆಚ್ಚಿನವರು ಎಡವುವುದು ಇಲ್ಲೇ. ಆಫರ್ ಲೆಟರ್‌ನಲ್ಲಿರುವ ಸಂಬಳ ಎಜಿಐ ಅಲ್ಲ, ತೆರಿಗೆ ಬೀಳುವ ಆದಾಯವೂ ಅಲ್ಲ. ತೆರಿಗೆ ರಿಟರ್ನ್‌ನ ನಮೂನೆಯಾದ ಫಾರ್ಮ್ 1040ರ 2020 ಮತ್ತು 2021ರ ಪ್ರತಿಗಳಲ್ಲಿ ಅದು 11ನೇ ಸಾಲಿನಲ್ಲಿದೆ, 2019ರದರಲ್ಲಿ 8ಬಿ ಸಾಲಿನಲ್ಲಿ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆಯುವುದು ಇದಾದ ಮೇಲೆ, ಆದ್ದರಿಂದ ಅದರಿಂದ ಎಜಿಐ ಇಳಿಯುವುದಿಲ್ಲ.

ಎಜಿಐ ಇಳಿಸುವುದು ಕಂಪನಿಯ ನಿವೃತ್ತಿ ಉಳಿತಾಯವಾದ ಸಾಂಪ್ರದಾಯಿಕ 401(ಕೆ)ಗೆ ಹಾಕಿದ ಹಣ (ಅದು ಕಂಪನಿ ಕೊಡುವ ಸಂಬಳದ ಪತ್ರ ಡಬ್ಲ್ಯು-2ರ ಮೊದಲ ಬಾಕ್ಸಿಗೆ ಬರುವುದೇ ಇಲ್ಲ), ಎಚ್‌ಎಸ್‌ಎಗೆ (ವೈದ್ಯಕೀಯ ಖರ್ಚಿನ ಉಳಿತಾಯ ಖಾತೆ) ಹಾಕಿದ ಹಣ, ಮತ್ತು ಡಿಡಕ್ಷನ್ ಸಿಗುವಂತಿದ್ದರೆ ಟ್ರೆಡಿಷನಲ್ ಐಆರ್‌ಎ (ಸ್ವಂತವಾಗಿ ತೆರೆಯುವ ನಿವೃತ್ತಿ ಖಾತೆ). ಏರಿಸುವವು ಬಡ್ಡಿ, ಡಿವಿಡೆಂಡ್, ಷೇರು ಮಾರಿದ ಲಾಭ. ಅಮೆರಿಕದಲ್ಲಿರುವ ನಮ್ಮವರು ಮರೆಯುವ ಎರಡು ಬಾಬತ್ತುಗಳಿವೆ. ಒಂದು ಊರಿನ ಬ್ಯಾಂಕಿನ ಎನ್‌ಆರ್‌ಇ (ಅನಿವಾಸಿ ಭಾರತೀಯರ) ಠೇವಣಿಯ ಬಡ್ಡಿ. ಅದಕ್ಕೆ ಭಾರತದಲ್ಲಿ ತೆರಿಗೆ ಇಲ್ಲ, ಅಮೆರಿಕದ ರಿಟರ್ನ್‌ನಲ್ಲಿ ಮಾತ್ರ ತೋರಿಸಲೇಬೇಕು. ಇನ್ನೊಂದು ಬೆಂಗಳೂರಿನ ಫ್ಲ್ಯಾಟಿನಿಂದ ಬರುವ ಬಾಡಿಗೆ. ಇವೆರಡನ್ನೂ ಸೇರಿಸಿದಾಗ 1,49,000 ಇದ್ದದ್ದು 1,53,000 ಆಗಿಬಿಡಬಹುದು. ಮೂರನೇ ಕಂತಿಗೆ ಆ ನಾಲ್ಕು ಸಾವಿರ ಎಷ್ಟು ದುಬಾರಿ ಎಂಬುದು ಮುಂದೆ ಗೊತ್ತಾಗುತ್ತದೆ.

ಮೊದಲೆರಡು ಕಂತು: ನೂರಕ್ಕೆ ಐದು

ಮೊದಲ ಕಂತಿನಲ್ಲಿ ವಯಸ್ಕರಿಗೆ ತಲಾ 1,200 ಡಾಲರ್, 17 ತುಂಬದ ಮಗುವಿಗೆ 500. ಎರಡನೆಯದರಲ್ಲಿ ದೊಡ್ಡವರಿಗೂ ಮಕ್ಕಳಿಗೂ ತಲಾ 600. ಎರಡರಲ್ಲೂ ಕಡಿತ ಶುರುವಾಗುವ ಆದಾಯದ ಮಿತಿ ಒಂದೇ: ಒಂಟಿಯಾಗಿ ಫೈಲ್ ಮಾಡುವವರಿಗೆ 75,000, ಹೆಡ್ ಆಫ್ ಹೌಸ್‌ಹೋಲ್ಡ್‌ಗೆ (ಒಂಟಿಯಾಗಿದ್ದು ಮಕ್ಕಳನ್ನೋ ಬೇರೆ ಅವಲಂಬಿತರನ್ನೋ ನೋಡಿಕೊಳ್ಳುವವರು) 1,12,500, ಗಂಡಹೆಂಡತಿ ಜಂಟಿಯಾಗಿ ಫೈಲ್ ಮಾಡಿದರೆ 1,50,000.

ಮನೆಯವರೆಲ್ಲರ ಹಣ ಮೊದಲು ಕೂಡಿಸಿ. ಎಜಿಐನಿಂದ ಮಿತಿ ಕಳೆಯಿರಿ, ಉಳಿದದ್ದರ ಶೇ. 5ನ್ನು ಆ ಮೊತ್ತದಿಂದ ತೆಗೆಯಿರಿ. ಇಬ್ಬರು ಮಕ್ಕಳಿರುವ ದಂಪತಿಯ ಎಜಿಐ 1,80,000 ಎಂದಿಟ್ಟುಕೊಳ್ಳಿ. ಮೊದಲ ಕಂತಿನ ಪೂರ್ಣ ಮೊತ್ತ 2,400 ಮತ್ತು 1,000 ಸೇರಿ 3,400. ಮಿತಿ ಮೀರಿದ್ದು 30,000, ಅದರ ಶೇ. 5 ಎಂದರೆ 1,500. ಕೈಗೆ ಬರುವುದು 1,900. ಎರಡನೇ ಕಂತಿನ ಪೂರ್ಣ ಮೊತ್ತ 2,400, ಕಡಿತ ಅದೇ 1,500, ಉಳಿಯುವುದು 900.

ಕಡಿತ ಆದಾಯದ ಮೇಲೆ ಮಾತ್ರ ನಿಂತಿದೆ, ತಲೆಗಳ ಮೇಲೆ ಅಲ್ಲ ಎಂಬುದನ್ನು ಗಮನಿಸಿ. ಹಾಗಾಗಿ ಮಕ್ಕಳು ಹೆಚ್ಚಿದ್ದಷ್ಟೂ ಹಣ ಸೊನ್ನೆಯಾಗುವ ಹಂತ ಮೇಲಕ್ಕೆ ಹೋಗುತ್ತದೆ. ಮಕ್ಕಳಿಲ್ಲದ ದಂಪತಿಗೆ ಮೊದಲ ಕಂತು 1,98,000ಕ್ಕೆ ನಿಂತರೆ ಇಬ್ಬರು ಮಕ್ಕಳಿರುವವರಿಗೆ 2,18,000ರವರೆಗೂ ಸ್ವಲ್ಪ ಸ್ವಲ್ಪ ಸಿಗುತ್ತದೆ. ಎರಡನೇ ಕಂತಿನಲ್ಲಿ ಇವೇ ಅಂಕಿಗಳು 1,74,000 ಮತ್ತು 1,98,000.

ಮೂರನೇ ಕಂತು: ಹತ್ತು ಸಾವಿರದ ಇಳಿಜಾರು

ಮೂರನೇ ಕಂತಿನಲ್ಲಿ ತಲಾ 1,400. ಮಿತಿ ಹಿಂದಿನಂತೆಯೇ, ಕಡಿತದ ವಿಧಾನ ಮಾತ್ರ ಪೂರ್ತಿ ಬೇರೆ. ಒಂಟಿಯವರಿಗೆ 75,000ದಿಂದ 80,000ದೊಳಗೆ, ಹೆಡ್ ಆಫ್ ಹೌಸ್‌ಹೋಲ್ಡ್‌ಗೆ 1,12,500ರಿಂದ 1,20,000ದೊಳಗೆ, ಜಂಟಿ ದಂಪತಿಗೆ 1,50,000ದಿಂದ 1,60,000ದೊಳಗೆ ಇಡೀ ಮೊತ್ತ ಸೊನ್ನೆಗೆ ಇಳಿಯುತ್ತದೆ. ಮನೆಯಲ್ಲಿ ಇಬ್ಬರಿರಲಿ, ಆರು ಜನರಿರಲಿ, ಸೊನ್ನೆಯಾಗುವ ಹಂತ ಬದಲಾಗುವುದಿಲ್ಲ.

ಲೆಕ್ಕ ಹೀಗೆ: ಮಿತಿ ಮೀರಿದ ಮೊತ್ತವನ್ನು 10,000ದಿಂದ (ಒಂಟಿಯವರಿಗೆ 5,000ದಿಂದ, ಹೆಡ್ ಆಫ್ ಹೌಸ್‌ಹೋಲ್ಡ್‌ಗೆ 7,500ರಿಂದ) ಭಾಗಿಸಿ, ಪೂರ್ಣ ಮೊತ್ತದ ಅಷ್ಟು ಭಾಗವನ್ನು ಅದರಿಂದ ಕಳೆಯಿರಿ. ಎಜಿಐ 1,54,000 ಇರುವ ನಾಲ್ವರ ಮನೆಗೆ ಪೂರ್ಣ ಮೊತ್ತ 5,600. ಅದರ ಹತ್ತರಲ್ಲಿ ನಾಲ್ಕು ಭಾಗ, ಅಂದರೆ 2,240 ಹೋಗಿ 3,360 ಉಳಿಯುತ್ತದೆ. ಅದೇ ಆದಾಯದ, ಮಕ್ಕಳಿಲ್ಲದ ದಂಪತಿಗೆ ಹೋಗುವುದು 1,120 ಮಾತ್ರ.

ಈ ಹತ್ತು ಸಾವಿರದೊಳಗೆ ಆದಾಯ ಒಂದು ಸಾವಿರ ಏರಿದರೆ ಇಬ್ಬರ ಮನೆಗೆ 280 ಡಾಲರ್ ಖೋತಾ, ನಾಲ್ವರ ಮನೆಗೆ 560, ಐವರ ಮನೆಗೆ 700. ಅದರ ಮೇಲೆ ಮಾಮೂಲಿ ತೆರಿಗೆ ಬೇರೆ. ತಲೆಗೆ ಇಷ್ಟೆಂದು ಕೊಡುತ್ತೇವೆ ಎಂದು ಹೇಳಿ, ದೊಡ್ಡ ಕುಟುಂಬಕ್ಕೇ ಹೆಚ್ಚು ಬೇಗ ಕತ್ತರಿಸುವ ಈ ಕ್ರಮ ನ್ಯಾಯದ್ದಲ್ಲ. ಹಿಂದಿನ ಶೇ. 5ರ ಕ್ರಮವೇ ವಾಸಿಯಿತ್ತು.

ಇಲ್ಲಿ ಎಜಿಐ ಇಳಿಸುವುದರ ಬೆಲೆ ತಿಳಿಯುತ್ತದೆ. 2020ರ ರಿಟರ್ನ್ ಸಲ್ಲಿಸಲು 2021ರ ಮೇ 17ರವರೆಗೆ ಅವಧಿಯಿತ್ತು. ಹೆಚ್ಚು ಡಿಡಕ್ಟಿಬಲ್‌ನ (ಮೊದಲ ದೊಡ್ಡ ಪಾಲನ್ನು ನಾವೇ ಭರಿಸುವ) ಆರೋಗ್ಯ ವಿಮೆ ಇದ್ದವರು ಅಷ್ಟರೊಳಗೆ ಹಿಂದಿನ ವರ್ಷದ ಲೆಕ್ಕಕ್ಕೆ ಎಚ್‌ಎಸ್‌ಎಗೆ (ಕುಟುಂಬಕ್ಕೆ 7,100 ಮಿತಿ) ಹಣ ಹಾಕಬಹುದಿತ್ತು. ಸಂಪಾದನೆಯಿಲ್ಲದ ಸಂಗಾತಿಯ ಹೆಸರಿನಲ್ಲಿ 6,000ದವರೆಗೆ ಟ್ರೆಡಿಷನಲ್ ಐಆರ್‌ಎ ಕಟ್ಟಿದರೂ ಈ ಆದಾಯದಲ್ಲಿ ಡಿಡಕ್ಷನ್ ಸಿಗುತ್ತಿತ್ತು. ಮೇಲಿನ ಉದಾಹರಣೆಯ ಮನೆಯವರು ಹೀಗೆ 4,000 ಉಳಿತಾಯಕ್ಕೆ ಹಾಕಿದ್ದರೆ 2,240 ಡಾಲರ್ ಪೂರ್ತಿ ಉಳಿಯುತ್ತಿತ್ತು. 401(ಕೆ)ಗೆ ಈ ಅನುಕೂಲ ಇಲ್ಲ, ಅದು ಡಿಸೆಂಬರ್‌ನ ಸಂಬಳದೊಳಗೇ ಕಡಿತವಾಗಬೇಕು.

ಬೇರೆ ಬೇರೆ ಫೈಲ್ ಮಾಡುವುದು ಇನ್ನೊಂದು ದಾರಿಯಾಗಿತ್ತು. ಒಬ್ಬರಿಗೆ 1,10,000, ಇನ್ನೊಬ್ಬರಿಗೆ 60,000 ಇದ್ದರೆ ಜಂಟಿಯಾಗಿ ಸೊನ್ನೆ. ಪ್ರತ್ಯೇಕವಾಗಿ ಫೈಲ್ ಮಾಡಿ, ಕಡಿಮೆ ಆದಾಯದವರು ಮಕ್ಕಳನ್ನು ತೋರಿಸಿಕೊಂಡರೆ ಅವರಿಗೂ ಮಕ್ಕಳಿಗೂ ತಲಾ 1,400. ಆದರೆ ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವಾಷಿಂಗ್ಟನ್, ಅರಿಜೋನಾದಂಥ ರಾಜ್ಯಗಳಲ್ಲಿ ಗಂಡಹೆಂಡತಿಯ ಸಂಪಾದನೆಯನ್ನು ಸಮಪಾಲು ಮಾಡಿ ತೋರಿಸಬೇಕು. ಆಗ ಇಬ್ಬರಿಗೂ 85,000 ಆಗಿ ಇಬ್ಬರೂ 80,000 ದಾಟುತ್ತಾರೆ. ಪ್ರತ್ಯೇಕ ಫೈಲಿಂಗ್‌ನಿಂದ ಶಿಕ್ಷಣದ ತೆರಿಗೆ ಕ್ರೆಡಿಟ್‌ಗಳೂ ತಪ್ಪುತ್ತವೆ. ಜಂಟಿಯಾಗಿ ಸಲ್ಲಿಸಿದ್ದನ್ನು ಕೊನೆಯ ದಿನ ದಾಟಿದ ಮೇಲೆ ಪ್ರತ್ಯೇಕವಾಗಿ ಬದಲಿಸಲು ಬರುವುದಿಲ್ಲ.

ಯಾರನ್ನು ಎಣಿಸಬೇಕು

ಮೊದಲೆರಡು ಕಂತಿನಲ್ಲಿ ಮಗು ಆ ವರ್ಷದ ಕೊನೆಯ ದಿನಕ್ಕೆ 16 ಅಥವಾ ಕಡಿಮೆ ವಯಸ್ಸಿನದಾಗಿರಬೇಕು. 17 ತುಂಬಿದ ಹೈಸ್ಕೂಲ್ ಮಕ್ಕಳು, ಅಪ್ಪ-ಅಮ್ಮನ ಡಿಪೆಂಡೆಂಟ್ (ಅವರ ರಿಟರ್ನ್‌ನಲ್ಲಿ ಅವಲಂಬಿತರು) ಆಗಿರುವ ಕಾಲೇಜು ಮಕ್ಕಳು ಇವರ ಪಾಲು ಯಾರಿಗೂ ಸಿಗಲಿಲ್ಲ. ಮೂರನೇ ಕಂತು ಇದನ್ನು ಸರಿಪಡಿಸಿತು: ಯಾವ ವಯಸ್ಸಿನ ಡಿಪೆಂಡೆಂಟ್ ಆದರೂ 1,400.

ತಂದೆತಾಯಿಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ಅಪ್ಪ-ಅಮ್ಮನಿಗೆ ತಿಂಗಳು ತಿಂಗಳು ಹಣ ಕಳಿಸುತ್ತಿದ್ದರೂ ಅವರು ಡಿಪೆಂಡೆಂಟ್ ಆಗುವುದಿಲ್ಲ. ವಿಸಿಟರ್ ವೀಸಾದಲ್ಲಿ ನಾಲ್ಕು ತಿಂಗಳು ಬಂದು ಹೋದವರೂ ಇಲ್ಲ. ಗ್ರೀನ್ ಕಾರ್ಡ್ ಮತ್ತು ಎಸ್‌ಎಸ್‌ಎನ್ ಇದ್ದು, ವರ್ಷದ ಆದಾಯ 4,300 ಡಾಲರ್‌ಗಿಂತ ಕಡಿಮೆಯಿದ್ದು, ಅರ್ಧಕ್ಕಿಂತ ಹೆಚ್ಚು ಖರ್ಚು ನೀವೇ ನೋಡಿಕೊಳ್ಳುತ್ತಿದ್ದರೆ ಮೂರನೇ ಕಂತಿನಲ್ಲಿ ಅವರೂ ಎಣಿಕೆಗೆ ಬಂದರು.

ಎಚ್-1ಬಿ (ಕೆಲಸದ ವೀಸಾ) ಇರುವವರು ತೆರಿಗೆಯ ಲೆಕ್ಕಕ್ಕೆ ನಿವಾಸಿಗಳಾಗಿದ್ದು ಎಸ್‌ಎಸ್‌ಎನ್ ಇದ್ದರೆ ಅರ್ಹರು. ಅವರ ಸಂಗಾತಿಯ ವೀಸಾ ಎಚ್-4ರಲ್ಲಿದ್ದು ಇಎಡಿ (ಕೆಲಸದ ಅನುಮತಿ) ಇಲ್ಲದವರಿಗೆ ಸಾಮಾನ್ಯವಾಗಿ ಐಟಿನ್ (ಎಸ್‌ಎಸ್‌ಎನ್ ಸಿಗದವರ ತೆರಿಗೆ ಸಂಖ್ಯೆ) ಮಾತ್ರ ಇರುತ್ತದೆ, ಐಟಿನ್‌ಗೆ ಯಾವ ಕಂತೂ ಇಲ್ಲ. ಮೊದಲ ಕಂತಿನಲ್ಲಿ ಕಾನೂನು ಇನ್ನೂ ಕಠಿಣವಾಗಿತ್ತು. ಜಂಟಿ ರಿಟರ್ನ್‌ನಲ್ಲಿ ಒಬ್ಬರಿಗೆ ಐಟಿನ್ ಇದ್ದರೆ, ಸೇನೆಯಲ್ಲಿದ್ದವರ ಹೊರತು, ಅಮೆರಿಕದಲ್ಲೇ ಹುಟ್ಟಿದ ಮಗುವೂ ಸೇರಿ ಇಡೀ ಮನೆಗೆ ಸೊನ್ನೆ. 2020ರ ಡಿಸೆಂಬರ್‌ನ ಕಾಯ್ದೆ ಇದನ್ನು ಹಿಂದಿನಿಂದಲೇ ಅನ್ವಯವಾಗುವಂತೆ ಸಡಿಲಿಸಿತು.

ಉದಾಹರಣೆಗೆ ಗಂಡನಿಗೆ ಎಸ್‌ಎಸ್‌ಎನ್, ಹೆಂಡತಿಗೆ ಐಟಿನ್, ಇಲ್ಲಿ ಹುಟ್ಟಿದ ಒಂದು ಮಗು, ಎಜಿಐ 1,52,000. ಮೊದಲ ಕಂತಿನ ಬಾಬ್ತು 1,700ರಲ್ಲಿ 100 ಕಳೆದು 1,600, ಅದನ್ನು 2020ರ ರಿಟರ್ನ್‌ನಲ್ಲಿ ಕೇಳಿ ಪಡೆಯಬೇಕಿತ್ತು. ಎರಡನೆಯದು 1,200ರಲ್ಲಿ 100 ಕಳೆದು 1,100. ಮೂರನೆಯದು 2,800ರ ಐದನೇ ಒಂದು ಭಾಗ ಕಳೆದು 2,240. ಹೆಂಡತಿಯ ಪಾಲು ಎಲ್ಲೂ ಇಲ್ಲ, ಆದರೂ ಜಂಟಿ ಮಿತಿಯಾದ 1,50,000ದ ಲಾಭ ಸಿಗುತ್ತದೆ.

ಎಫ್-1 ವೀಸಾದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ ಐದು ವರ್ಷ ಅನಿವಾಸಿಗಳ ನಮೂನೆಯಾದ 1040-ಎನ್‌ಆರ್ ಸಲ್ಲಿಸಬೇಕಾದವರು, ಅವರಿಗೆ ಈ ಹಣ ಇರಲಿಲ್ಲ. ಸಾಫ್ಟ್‌ವೇರ್ ಕೇಳಿದ್ದಕ್ಕೆಲ್ಲ ಹೌದು ಎಂದು ಒತ್ತಿ 1040 ಸಲ್ಲಿಸಿದ ಎಷ್ಟೋ ವಿದ್ಯಾರ್ಥಿಗಳ ಖಾತೆಗೆ ಹಣ ಬಂತು. ಅದು ಅವರದಲ್ಲ. ರಿಟರ್ನ್ ತಿದ್ದಿ, ಹಣ ಹಿಂದಿರುಗಿಸಬೇಕು.

ಯಾವ ವರ್ಷದ ಆದಾಯ?

ಮೊದಲ ಕಂತಿಗೆ 2019ರ ರಿಟರ್ನ್, ಅದಿಲ್ಲದಿದ್ದರೆ 2018ರದು. ಎರಡನೆಯದಕ್ಕೆ 2019ರದು. ಮೂರನೆಯದಕ್ಕೆ 2020ರದು, ಅದಿನ್ನೂ ಐಆರ್‌ಎಸ್‌ನಲ್ಲಿ (ಅಮೆರಿಕದ ತೆರಿಗೆ ಇಲಾಖೆ) ಇತ್ಯರ್ಥವಾಗಿರದಿದ್ದರೆ 2019ರದು. ಇವು ಮುಂಗಡ ಮಾತ್ರ. ಅಂತಿಮ ಲೆಕ್ಕ ಮೊದಲೆರಡಕ್ಕೆ 2020ರ ಆದಾಯದ ಮೇಲೆ, ಮೂರನೆಯದಕ್ಕೆ 2021ರ ಆದಾಯದ ಮೇಲೆ, ಫಾರ್ಮ್ 1040ರ 30ನೇ ಸಾಲಿನಲ್ಲಿ. ಅಂತಿಮ ಲೆಕ್ಕದಲ್ಲಿ ಹೆಚ್ಚು ಬರಬೇಕಿದ್ದರೆ ಸಿಗುತ್ತಿತ್ತು. ಮುಂಗಡವೇ ಜಾಸ್ತಿಯಾಗಿದ್ದರೆ ಅರ್ಹರು ವಾಪಸ್ ಕೊಡಬೇಕಿರಲಿಲ್ಲ. 2020ರಲ್ಲಿ ಕೆಲಸ ಹೋದವರಿಗೆ, 2021ರಲ್ಲಿ ಮಗು ಹುಟ್ಟಿದವರಿಗೆ ಈ ಸಾಲೇ ಆಧಾರವಾಗಿತ್ತು.

ಈ ಸಾಲಿನಲ್ಲಾದ ದೊಡ್ಡ ತಪ್ಪು ದಂಪತಿಗಳದು. ಜಂಟಿಯಾಗಿ ಫೈಲ್ ಮಾಡಿದವರಿಗೆ, ಮೂರನೇ ಕಂತಿನಲ್ಲಿ ಎಷ್ಟು ಬಂತೆಂದು ತಿಳಿಸುವ 6475 ಸಂಖ್ಯೆಯ ಪತ್ರ ಇಬ್ಬರ ಹೆಸರಿಗೂ ಬೇರೆ ಬೇರೆ ಬಂತು, ಪ್ರತಿಯೊಂದರಲ್ಲೂ ಅರ್ಧ ಮೊತ್ತ. ಒಂದನ್ನೇ ನೋಡಿ ತುಂಬಿದವರು ಇನ್ನರ್ಧ ಬಂದಿಲ್ಲವೆಂದು ಕೇಳಿದಂತಾಯಿತು. ಐಆರ್‌ಎಸ್ ತಿದ್ದುಪಡಿ ಮಾಡಿತು, ರೀಫಂಡ್ ತಿಂಗಳುಗಟ್ಟಲೆ ತಡವಾಯಿತು.

ಈಗ ಮಾಡಬಹುದಾದದ್ದು

ರಿಟರ್ನ್ ಸಲ್ಲಿಸದೇ ಇದ್ದವರು ಈ ಹಣ ಕೇಳುವ ಅವಧಿ ಮುಗಿದಿದೆ: ಮೊದಲೆರಡಕ್ಕೆ 2024ರ ಮೇ 17, ಮೂರನೆಯದಕ್ಕೆ 2025ರ ಏಪ್ರಿಲ್ 15. ನಿಮಗೆ ಬಂದದ್ದು ಸರಿಯೇ ಎಂದು ತಾಳೆ ನೋಡಲು ಐಆರ್‌ಎಸ್ ಜಾಲತಾಣದ ನಿಮ್ಮ ಖಾತೆಗೆ ಹೋಗಿ ಅಕೌಂಟ್ ಟ್ರಾನ್ಸ್‌ಕ್ರಿಪ್ಟ್ ಇಳಿಸಿಕೊಳ್ಳಿ, ಶುಲ್ಕವಿಲ್ಲ. ಮೊದಲೆರಡು ಕಂತು 2020ರ ಪ್ರತಿಯಲ್ಲಿ, ಮೂರನೆಯದು 2021ರ ಪ್ರತಿಯಲ್ಲಿ ಕಾಣುತ್ತವೆ. 2021ರ ರಿಟರ್ನ್ ಸಲ್ಲಿಸಿಯೂ 30ನೇ ಸಾಲು ಖಾಲಿ ಬಿಟ್ಟಿದ್ದ ಅಥವಾ ಸೊನ್ನೆ ಬರೆದಿದ್ದ ಸುಮಾರು ಹತ್ತು ಲಕ್ಷ ಜನರಿಗೆ ಐಆರ್‌ಎಸ್ ತಾನಾಗಿಯೇ ಹಣ ಕಳಿಸುವುದಾಗಿ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಆ ಬಳಿಕ ಅನಿರೀಕ್ಷಿತವಾಗಿ 1,400ರವರೆಗೆ ಜಮೆಯಾಗಿದ್ದರೆ ಅದು ಇದೇ ಇರಬಹುದು.

ಆ ಸುದ್ದಿಯ ಬೆನ್ನಿಗೇ ಮೋಸದ ಸಂದೇಶಗಳೂ ಬಂದವು. 1,400 ಡಾಲರ್ ಬಾಕಿಯಿದೆ, ಲಿಂಕ್ ಒತ್ತಿ ಎಸ್‌ಎಸ್‌ಎನ್ ಹಾಕಿ ಎಂದು ಮೆಸೇಜ್ ಬಂದರೆ ಅಳಿಸಿಹಾಕಿ. ಕೇಳದೆ ಇಂಥ ಸಂದೇಶ ಕಳಿಸಿ ಎಸ್‌ಎಸ್‌ಎನ್ ಅಥವಾ ಬ್ಯಾಂಕ್ ವಿವರ ಪಡೆಯುವುದು ಐಆರ್‌ಎಸ್‌ನ ಕ್ರಮವಲ್ಲ. ಹೊಸ ಕಂತು ಬಂತೆಂದು ವಾಟ್ಸ್‌ಆ್ಯಪ್‌ನಲ್ಲಿ ಓದಿದರೆ ಐಆರ್‌ಎಸ್ ಜಾಲತಾಣದಲ್ಲೇ ನೋಡಿ. ಯಾವ ಕಾಯ್ದೆಯಡಿ, ಯಾವ ವರ್ಷದ ಎಜಿಐ ಮೇಲೆ, ಯಾವ ಮಿತಿಯಿಂದ ಕಡಿತ ಎಂಬ ಮೂರೂ ಅಲ್ಲಿ ಸಿಗದಿದ್ದರೆ ಆ ಸುದ್ದಿಯನ್ನು ಮುಂದಕ್ಕೆ ಕಳಿಸಬೇಡಿ.