ಸ್ಟುಟ್‌ಗಾರ್ಟ್‌ಗೆ ಹೊಸದಾಗಿ ಬಂದವರಿಗೆ: ಊರಿನ ಕಥೆ, ಊರಿನ ಊಟ

ಸ್ಟುಟ್‌ಗಾರ್ಟ್ ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಕಾರು. 1886ರಲ್ಲಿ ಡೈಮ್ಲರ್, ಈಗ ಈ ಊರಿನದೇ ಭಾಗವಾಗಿರುವ ಕಾನ್‌ಸ್ಟಾಟ್‌ನಲ್ಲಿ ಕುದುರೆಗಾಡಿಗೆ ಎಂಜಿನ್ ಕೂರಿಸಿದರು. ಅದೇ ವರ್ಷ ರಾಬರ್ಟ್ ಬಾಷ್ ಇಲ್ಲಿ ಸಣ್ಣ ವರ್ಕ್‌ಶಾಪ್ ತೆರೆದರು. ಬೆಂಗಳೂರಿನ ಆಡುಗೋಡಿಯ ಮೈಕೋ ಹುಟ್ಟಿದ್ದು ಈ ಬಾಷ್ ನಂಟಿನಿಂದಲೇ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರಲ್ಲಿ ತಂದ ಹರ್ಮನ್ ಮೋಗ್ಲಿಂಗ್ ತೀರಿಕೊಂಡದ್ದು ಪಕ್ಕದ ಎಸ್ಲಿಂಗೆನ್‌ನಲ್ಲಿ. ಎಸ್-ಬಾನ್ ಎಂಬ ಲೋಕಲ್ ರೈಲು ಹತ್ತಿದರೆ ಅಲ್ಲಿಗೆ ಸ್ವಲ್ಪ ಹೊತ್ತಿನ ದಾರಿ, ಒಮ್ಮೆ ಹೋಗಿಬನ್ನಿ.

ಇಲ್ಲಿನ ಊಟ ಮಾತ್ರ ಫ್ಯಾಕ್ಟರಿಗಳಿಗಿಂತ ಹಳೆಯದು. ಆಗ ಇದು ಬಡ ರೈತರ ನಾಡು. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಮರುವರ್ಷ ಇಲ್ಲಿ ಬೇಸಿಗೆಯೇ ಬರಲಿಲ್ಲ, ಬೆಳೆ ಕೈಕೊಟ್ಟಿತು, ಜನ ಹಸಿದರು. ಆ ಕಷ್ಟ ಕಳೆದ ಮೇಲೆ, 1818ರಲ್ಲಿ, ಈ ನಾಡಿನ ರಾಜ ಒಂದನೇ ವಿಲ್ಹೆಲ್ಮ್ ಕೃಷಿ ಜಾತ್ರೆ ಶುರು ಮಾಡಿಸಿದ. ಅದೇ ಇಂದಿನ ಕಾನ್‌ಸ್ಟಾಟ್ ಫೋಕ್ಸ್‌ಫೆಸ್ಟ್. ಸೆಪ್ಟೆಂಬರ್ ಕೊನೆಗೆ ಶುರುವಾಗುತ್ತದೆ. ಮಕ್ಕಳಿದ್ದರೆ ಹಗಲು ಹೊತ್ತಿನಲ್ಲೇ ಹೋಗಿ, ಹಣ್ಣು-ಕಾಳುಗಳಿಂದ ಸಿಂಗರಿಸಿದ ಎತ್ತರದ ಕಂಬ ತೋರಿಸಿ.

ಇನ್ನು ತಟ್ಟೆಗೆ ಬರೋಣ. ಇಲ್ಲಿನ ಮನೆಯೂಟ ಎಂದರೆ ಶ್ಪೆಟ್ಸ್ಲೆ. ಮೈದಾ ಹಿಟ್ಟಿಗೆ ಮೊಟ್ಟೆ ಹಾಕಿ ಕಲಸಿ, ಕುದಿಯುವ ನೀರಿಗೆ ಒತ್ತಿ ಬೇಯಿಸುತ್ತಾರೆ. ಚೀಸ್, ಹುರಿದ ಈರುಳ್ಳಿ ಸೇರಿದರೆ ಕೇಸೆ-ಶ್ಪೆಟ್ಸ್ಲೆ. ಮೊಟ್ಟೆ ತಿನ್ನುವ ಸಸ್ಯಾಹಾರಿಗಳು ಹೋಟೆಲಿನಲ್ಲಿ ಮೊದಲು ಇದನ್ನೇ ಕೇಳಿ. ಮೊಟ್ಟೆ ತಿನ್ನದವರಿಗೆ ಇದು ಆಗುವುದಿಲ್ಲ. ಇದರ ಜೊತೆ ಬೇಯಿಸಿದ ಲೆಂಟಿಲ್ ಕಾಳು ಕೊಡುವುದುಂಟು. ವಿನೆಗರ್ ಹುಳಿಯ ಆ ಕಾಳು ನಮ್ಮ ನಾಲಿಗೆಗೆ ಬೇಗ ಹಿಡಿಸುತ್ತದೆ. ಆದರೆ ಮೇಲೆ ಸಾಸೇಜ್ ಇರುತ್ತದೆ, ಕಾಳಿನ ಒಳಗೂ ಹಂದಿಮಾಂಸದ ತುಣುಕು ಇರಬಹುದು. ಸಾಸೇಜ್ ತೆಗೆದಿಟ್ಟರೆ ಸಾಕು ಎಂದುಕೊಳ್ಳಬೇಡಿ.

ನಿಜವಾಗಿ ಎಚ್ಚರ ಬೇಕಾದದ್ದು ಆಲೂಗಡ್ಡೆ ಸಲಾಡ್‌ಗೆ. ನೋಡಲು ಶುದ್ಧ ಸಸ್ಯಾಹಾರ, ಅಲ್ವಾ? ಸಾಂಪ್ರದಾಯಿಕವಾಗಿ ಅದನ್ನು ಕಲಸುವುದು ಮಾಂಸದ ಸಾರಿನಲ್ಲಿ. "ಇಸ್ಟ್ ದಾ ಫ್ಲೈಶ್‌ಬ್ರ್ಯೂಹೆ ದ್ರಿನ್?" (ಇದರಲ್ಲಿ ಮಾಂಸದ ಸಾರು ಇದೆಯಾ?) ಎಂದು ಕೇಳಿ. 'ಯಾ' (ಹೌದು) ಎಂದರೆ ಬಿಟ್ಟುಬಿಡಿ. ಬ್ರೆಟ್ಸೆಲ್ ಎಂಬ ಗಂಟಿನಾಕಾರದ ಬ್ರೆಡ್ಡಿನ ಹಿಟ್ಟಿಗೂ ಕೆಲವು ಬೇಕರಿಗಳಲ್ಲಿ ಹಂದಿಕೊಬ್ಬು ಹಾಕುತ್ತಾರೆ, ಅದಕ್ಕೆ 'ಶ್ಮಾಲ್ಟ್ಸ್' ಎಂಬ ಪದ ನೆನಪಿಡಿ. ಸುಮ್ನೆ ಸಂಕೋಚ ಬೇಡ, ಇಲ್ಲಿ ಎಲ್ಲರೂ ಕೇಳುತ್ತಾರೆ.

ಮೌಲ್‌ಟಾಶೆ ಎಂಬ ದೊಡ್ಡ ಕಡುಬಿಗೆ ಮಾಂಸ, ಪಾಲಕ್ ತುಂಬಿರುತ್ತಾರೆ. ಉಪವಾಸದ ದಿನಗಳಲ್ಲಿ ದೇವರ ಕಣ್ಣಿಗೆ ಬೀಳದಂತೆ ಸನ್ಯಾಸಿಗಳು ಮಾಂಸವನ್ನು ಹಿಟ್ಟಿನೊಳಗೆ ಬಚ್ಚಿಟ್ಟರು ಎಂಬ ಕಥೆ ಇದೆ. ಸೂಪರ್‌ಮಾರ್ಕೆಟ್‌ನಲ್ಲಿ ತರಕಾರಿ ತುಂಬಿದ್ದೂ ಸಿಗುತ್ತದೆ.

ಮನೆ ಅಡುಗೆಗೆ ಮಂಗಳವಾರ, ಗುರುವಾರ, ಶನಿವಾರ ಊರ ನಡುವಿನ ಮಾರ್ಕ್ಟ್‌ಪ್ಲಾಟ್ಸ್ ಸಂತೆಗೆ ಹೋಗಿ. ಫಿಲ್ಡರ್ ಬಯಲಿನ ಚೂಪು ತಲೆಯ ಎಲೆಕೋಸು ಕಂಡರೆ ಬಿಡಬೇಡಿ, ಪಲ್ಯಕ್ಕೆ ಬಹಳ ಚೆನ್ನ. ಭಾನುವಾರ ಅಂಗಡಿಗಳಿಗೆ ರಜೆ, ಶನಿವಾರವೇ ತಂದಿಟ್ಟುಕೊಳ್ಳಿ.