ಮಳೆಗಾಲದಲ್ಲಿ ವಿಟಮಿನ್ ಮಾತ್ರೆ ತಗೊಳ್ಳುವವರು ಗಮನಿಸಿ

ತೀರ್ಥಹಳ್ಳಿ, ಹೊಸನಗರ ಕಡೆ ಮಳೆ ಹಿಡಿದರೆ ಬಿಸಿಲು ಕಾಣುವುದೇ ಅಪರೂಪ, ಅಲ್ವಾ? ಹಾಗಾಗಿ ವಿಟಮಿನ್ ಡಿ ತಗೊಳ್ಳುವವರು ನಮ್ಮಲ್ಲಿ ಜಾಸ್ತಿ. ಮೆಡಿಕಲ್ ಶಾಪಿನಲ್ಲಿ ಸಿಗುವ 60,000 ಐಯು ಮಾತ್ರೆಯನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ, ಕೆಲವು ವಾರಕ್ಕೆ ಮಾತ್ರ ಬರೆದುಕೊಡುತ್ತಾರೆ. ಅದು ದಿನಾ ನುಂಗುವ ಮಾತ್ರೆ ಅಲ್ಲ. ಹೆಚ್ಚಾದ ವಿಟಮಿನ್ ಡಿ ಮೂತ್ರದಲ್ಲಿ ಸುಲಭವಾಗಿ ಹೋಗುವುದಿಲ್ಲ, ಮೈಯ ಕೊಬ್ಬಿನಲ್ಲಿ ಉಳಿಯುತ್ತದೆ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಸುಸ್ತು, ಕಿಡ್ನಿಗೂ ತೊಂದರೆ. ಹೇಳಿದ ವಾರಗಳು ಮುಗಿದ ಮೇಲೆ ಸುಮ್ನೆ ಮುಂದುವರಿಸಬೇಡಿ, ದಯವಿಟ್ಟು. ಊಟದಲ್ಲಿ ಸ್ವಲ್ಪ ತುಪ್ಪವೋ ಎಣ್ಣೆಯೋ ಇದ್ದಾಗ ತಗೊಂಡರೆ ಮೈಗೆ ಚೆನ್ನಾಗಿ ಹತ್ತುತ್ತದೆ.

ಕಬ್ಬಿಣಾಂಶದ ಮಾತ್ರೆಗೆ ನಮ್ಮ ಕಾಫಿಯೇ ಅಡ್ಡಿ. ಕಾಫಿ, ಟೀ, ಹಾಲಿನ ಜೊತೆ ನುಂಗಬೇಡಿ, ಒಂದೆರಡು ಗಂಟೆ ಬಿಡಿ. ನಿಂಬೆ ಪಾನಕವೋ ನೆಲ್ಲಿಕಾಯಿಯೋ ಜೊತೆಗಿದ್ದರೆ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗಿರಲಿ. ಥೈರಾಯ್ಡ್ ಮಾತ್ರೆ ತಗೊಳ್ಳುವ ಅಕ್ಕಂದಿರು, ಅಮ್ಮಂದಿರು ಇದನ್ನು ಮರೆಯಬೇಡಿ: ಅದಕ್ಕೂ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ 4 ಗಂಟೆ ಅಂತರ ಬೇಕೇಬೇಕು.

ಮೀನು, ಮಾಂಸ, ಮೊಟ್ಟೆ ತಿನ್ನದವರು ಮತ್ತು ಸಕ್ಕರೆ ಕಾಯಿಲೆಗೆ ಬಹಳ ವರ್ಷದಿಂದ ಮೆಟ್‌ಫಾರ್ಮಿನ್ ತಗೊಳ್ಳುತ್ತಿರುವವರು ಒಮ್ಮೆ ಬಿ12 ಪರೀಕ್ಷೆ ಮಾಡಿಸಿ. ಅಂಗಾಲು ಜುಮ್ಮೆಂದರೆ ‘ವಯಸ್ಸಾಯಿತು’ ಎಂದು ಬಿಟ್ಟುಬಿಡಬೇಡಿ. ಬಿ12 ಕೊರತೆ ಹಾಗೇ ಉಳಿದರೆ ನರಕ್ಕೆ ಆದ ಹಾನಿ ಪೂರ್ತಿ ಸರಿಯಾಗದೇ ಹೋಗಬಹುದು.

ಕೊರತೆ ಇಲ್ಲದವರಿಗೆ ದುಬಾರಿ ಮಲ್ಟಿವಿಟಮಿನ್ ಡಬ್ಬಿಗಿಂತ ರಾಗಿ, ನುಗ್ಗೆಸೊಪ್ಪು, ಮೊಸರೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ. ಆಯುರ್ವೇದದ ಡಬ್ಬಿಗಳೂ ಇರಲಿ.