ಗೊಂಬೆಮನೆಗೆ ಕೆಂಪು ನೆಲ, ಅಟ್ಟಕ್ಕೆ ಐಸ್‌ಕ್ರೀಮ್ ಕಡ್ಡಿ

ಗೊಂಬೆಮನೆ ಮಾಡುವವರು ಕಿಟಕಿ, ಸೋಫಾ, ಪುಟಾಣಿ ಪಾತ್ರೆ ಅಂತ ಎಲ್ಲಕ್ಕೂ ತಲೆ ಕೆಡಿಸಿಕೊಳ್ಳುತ್ತಾರೆ. ನೆಲಕ್ಕೆ ಮಾತ್ರ ಟೈಲ್ಸ್ ಚಿತ್ರದ ಪ್ರಿಂಟ್ ಅಂಟಿಸಿ ಸುಮ್ಮನಾಗುತ್ತಾರೆ. ನನಗದು ಒಗ್ಗಲ್ಲ. ಮಗಳಿಗೆ ಮಾಡಿದ ಮನೆಯ ನಡುಮನೆಗೆ ನಮ್ಮ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲವೇ ಬೇಕಿತ್ತು, ಅಟ್ಟಕ್ಕೆ ಮರದ ಹಲಗೆ. ಸ್ಟೇಷನರಿ ಅಂಗಡಿ, ಹಾರ್ಡ್‌ವೇರ್ ಅಂಗಡಿ ಎರಡರಲ್ಲೇ ಸಾಮಾನೆಲ್ಲ ಸಿಕ್ಕಿತು.

ಮನೆ 1:12 ಅಳತೆಯದು. ಅಂದರೆ ನಿಜವಾದ ಮನೆಯ ಒಂದು ಅಡಿಗೆ ಇಲ್ಲಿ ಒಂದು ಇಂಚು. ಗೋಡೆಗಳ ನಡುವೆ ಕೈ ತೂರಿಸಿಕೊಂಡು ನೆಲ ಮಾಡುವುದು ಬೇಡ. ಹಳೇ ಪೇಪರನ್ನು ಕೋಣೆಯೊಳಗೆ ಹಾಸಿ, ಅಂಚನ್ನು ಉಗುರಿನಿಂದ ಒತ್ತಿ ಅಳತೆ ತೆಗೆದೆ. ಅದೇ ಆಕಾರಕ್ಕೆ ದಪ್ಪ ರಟ್ಟು ಕತ್ತರಿಸಿ, ಕೆಲಸವೆಲ್ಲ ಮೇಜಿನ ಮೇಲೇ ಮುಗಿಸಿದೆ. ರಟ್ಟು ಸುತ್ತಲೂ ಒಂದು ಎಳೆ ಕಮ್ಮಿಯೇ ಇರಲಿ. ಸಂದಿಯನ್ನು ಆಮೇಲೆ ಗೋಡೆಯ ಬುಡಕ್ಕೆ ಅಂಟಿಸುವ ಸ್ಕರ್ಟಿಂಗ್ ಪಟ್ಟಿ ಮುಚ್ಚುತ್ತದೆ.

ರಟ್ಟಿನ ಒಂದೇ ಮಗ್ಗುಲಿಗೆ ಒದ್ದೆ ತಾಗಿದರೆ ಅದು ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಅದಕ್ಕೇ ಮೊದಲು ಎರಡೂ ಕಡೆ ನೀರು ಬೆರೆಸಿದ ಫೆವಿಕಾಲ್ ಬಳಿದು, ಪ್ಲಾಸ್ಟಿಕ್ ಹಾಳೆಗಳ ಮಧ್ಯೆ ಇಟ್ಟು, ಮೇಲೆ ಭಾರ ಹೇರಿದೆ. ಒಣಗಿದ ಮೇಲೆ ವಾಲ್ ಪುಟ್ಟಿಯ ತೆಳು ಪದರ. ಅದು ಅರೆಬರೆ ಒಣಗಿದಾಗ, ಇಂಕ್ ಖಾಲಿಯಾದ ಬಾಲ್ ಪೆನ್ನಿನಿಂದ ಸ್ಕೇಲ್ ಹಿಡಿದು ಚೌಕದ ಗೆರೆ ಎಳೆದೆ. ನಿಜವಾದ ನೆಲಕ್ಕೆ ಗಾರೆಯವರು ದಾರ ಒತ್ತಿ ಹಾಕುತ್ತಿದ್ದ ಗೆರೆಗಳು ಇವೇ ಅಲ್ವಾ! ಪೂರ್ತಿ ಒಣಗಿದ ಮೇಲೆ 220 ನಂಬರಿನ ಉಪ್ಪು ಕಾಗದದಿಂದ ಉಜ್ಜಿದೆ.

ಬಣ್ಣಕ್ಕೆ ಹಾರ್ಡ್‌ವೇರ್ ಅಂಗಡಿಯ ರೆಡ್ ಆಕ್ಸೈಡ್ ಪುಡಿಯೇ ಸಾಕು. ಅದನ್ನು ಪುಟ್ಟಿಗೇ ಕಲಸುವ ಹಾಗಿಲ್ಲ, ಬಿಳಿ ಸೇರಿ ಗುಲಾಬಿ ಬಣ್ಣ ಬರುತ್ತದೆ. ನೀರು, ಸ್ವಲ್ಪ ಫೆವಿಕಾಲ್ ಹಾಕಿ ಮಜ್ಜಿಗೆಯಷ್ಟು ತೆಳ್ಳಗೆ ಕಲಸಿ, ಒಂದು ಕೋಟ್ ಒಣಗಿದ ಮೇಲೆ ಇನ್ನೊಂದು ಅಂತ ಬಳಿದೆ. ಚಿಟಿಕೆ ಕಪ್ಪು ಆಕ್ಸೈಡ್ ಬಿದ್ದರೆ ಕೆಂಪಿಗೆ ವಯಸ್ಸಾದ ಕಳೆ ಬರುತ್ತದೆ. ಗೋಡೆಯಂಚಿಗೆ ಅದೇ ಕಪ್ಪಿನ ಬಾರ್ಡರ್. ವಾರ್ನಿಶ್ ಹಾಕಲೇ ಇಲ್ಲ, ಅದು ಪ್ಲಾಸ್ಟಿಕ್ ಥರ ಮಿಂಚುತ್ತದೆ. ಬಣ್ಣವಿಲ್ಲದ ಶೂ ಪಾಲಿಶನ್ನು ಹಳೇ ಕಾಲುಚೀಲದಲ್ಲಿ ತೆಗೆದುಕೊಂಡು ತಿಕ್ಕಿದೆ. ಜನ ಓಡಾಡುವ ಬಾಗಿಲ ಹತ್ತಿರ ಸ್ವಲ್ಪ ಜಾಸ್ತಿಯೇ ತಿಕ್ಕಿದೆ.

ಅಟ್ಟದ ಕೆಲಸ ಸುಲಭ. ಐಸ್‌ಕ್ರೀಮ್ ಕಡ್ಡಿಯ ಅಗಲ ಸುಮಾರು 10 ಮಿಲಿಮೀಟರ್. ಹನ್ನೆರಡು ಪಟ್ಟು ಮಾಡಿದರೆ 12 ಸೆಂಟಿಮೀಟರ್, ಹಲಗೆಗೆ ಒಪ್ಪುವ ಅಳತೆ. ದುಂಡನೆಯ ತುದಿ ಕತ್ತರಿಸಬೇಕು, ಅದು ಉಳಿದರೆ ಐಸ್‌ಕ್ರೀಮೇ ನೆನಪಾಗುತ್ತದೆ. ಅಂಟಿಸುವ ಮೊದಲೇ ಬಣ್ಣ ಹಾಕಬೇಕು. ಫೆವಿಕಾಲ್ ತಾಗಿದ ಕಡೆ ಮರ ಬಣ್ಣ ಹೀರಲ್ಲ, ಬಿಳಿ ಮಚ್ಚೆ ಉಳಿಯುತ್ತದೆ. ಕಡ್ಡಿಗಳನ್ನು ಗಟ್ಟಿ ಟೀ ಡಿಕಾಕ್ಷನ್‌ನಲ್ಲಿ ನೆನೆಸಿ ಒಣಗಿಸಿದೆ. ಆಮೇಲೆ ತುಕ್ಕು ಹಿಡಿದ ಮೊಳೆಗಳು ಕೆಲವು ದಿನ ನೆನೆದ ವಿನಿಗರ್ ಸವರಿದೆ. ಟೀಯಲ್ಲಿರುವ ಟ್ಯಾನಿನ್ ಜೊತೆ ಕಬ್ಬಿಣ ಸೇರಿ ಮರ ನೋಡನೋಡುತ್ತಲೇ ಬೂದುಗಪ್ಪಾಗುತ್ತದೆ. ಕೆಲವು ಕಡ್ಡಿಗೆ ಬರೀ ಟೀ ಸಾಕು. ಎಲ್ಲ ಹಲಗೆ ಒಂದೇ ಬಣ್ಣ ಇದ್ದರೆ ಹೊಸ ಲ್ಯಾಮಿನೇಟ್ ಹಾಕಿಸಿದ ಹಾಗಿರುತ್ತದೆ. ವಿನಿಗರ್ ವಾಸನೆ ಇದೆ, ಬಾಲ್ಕನಿಯಲ್ಲೇ ಮಾಡಿ.

ಕಡ್ಡಿಗಳ ತುದಿ ಸೇರುವ ಕೂಡು ಒಂದರ ಪಕ್ಕ ಒಂದು ಬರದ ಹಾಗೆ ಜೋಡಿಸಿ ಅಂಟಿಸಿದೆ. ಹಲಗೆಯ ತುದಿಗಳಲ್ಲಿ ಚೂಪು ಪೆನ್ಸಿಲ್ ಒತ್ತಿದರೆ ಮೊಳೆಯ ಗುರುತೂ ಆಯಿತು. ಎರಡೂ ನೆಲಗಳನ್ನು ಮನೆಗೆ ಖಾಯಂ ಅಂಟಿಸಿಲ್ಲ. ನಾಲ್ಕು ಮೂಲೆಗೆ ಡಬಲ್ ಸೈಡ್ ಟೇಪ್ ಅಷ್ಟೇ. ಮುಂದೆ ಎಲ್‌ಇಡಿ ವೈರ್ ಎಳೆಯುವಾಗ ಎತ್ತಬೇಕಲ್ಲ.